ಹಿಂದಕ್ಕೆ ಸವೆದ ಅಟ್ಟೆ

ನಮ್ಮ ಯಜಮಾನರಿಗೆ ಐವತ್ತು ತುಂಬುತ್ತದೆ, ಎರಡು ದಿನ ದೊಡ್ಡ ಪಟ್ಟಣಕ್ಕೆ ಕರೆದುಕೊಂಡು ಹೋಗಿಬರಬೇಕು ಎಂದು ನನಗೆ ಹೊಳೆದದ್ದು ಪ್ರೀತಿಯಿಂದ ಎಂದು ಎಲ್ಲರೂ ತಿಳಿದಿದ್ದಾರೆ. ತಿಳಿದುಕೊಳ್ಳಲಿ. ಅದು ಹೊಳೆದದ್ದು ಹೊಟ್ಟೆಕಿಚ್ಚಿನಿಂದ.

ನಾನು ಅವರ ಎರಡನೆಯ ಹೆಂಡತಿ. ಮೊದಲನೆಯವಳು ಶಾಲೆಯಲ್ಲಿ ಚಿತ್ರಕಲೆ ಕಲಿಸುವ ಟೀಚರು. ಎರಡು ಮೂರು ವರ್ಷ ಬಾಳಿ, ಜಗಳವಿಲ್ಲ ಕದನವಿಲ್ಲ, ಇಬ್ಬರೂ ಎದುರುಬದುರು ಕೂತು ಮಾತಾಡಿ ಬೇರೆಯಾದರಂತೆ. ತಟ್ಟೆ ಲೋಟ ಎಸೆದಾಡಿ ಬಿಟ್ಟಿದ್ದರೆ ನನಗೂ ಒಂದು ಸಮಾಧಾನವಿರುತ್ತಿತ್ತು. ಈ ‘ಮಾತಾಡಿಕೊಂಡು ಬಿಟ್ಟೆವು’ ಎನ್ನುವುದಿದೆಯಲ್ಲ, ಅದು ಬಾಗಿಲು ಮುಚ್ಚಿ ಚಿಲಕ ಹಾಕದೆ ಹೋದ ಹಾಗೆ. ನನ್ನತ್ತೆಯಂತೂ ಬದುಕಿರುವಷ್ಟು ದಿನವೂ “ಅವಳ ಅಕ್ಷರ ನೋಡ್ಬೇಕಿತ್ತು, ಮುತ್ತು ಪೋಣಿಸಿದ ಹಾಗೆ” ಎಂದು ನನ್ನೆದುರಿಗೇ ಹೇಳುತ್ತಿದ್ದರು. ಮದುವೆಯಾದ ಹೊಸದರಲ್ಲಿ ಮಗ ಆ ಮುತ್ತಿನ ಅಕ್ಷರದವಳನ್ನು ಸಮುದ್ರ ತೋರಿಸಲು ಕರೆದುಕೊಂಡು ಹೋಗಿದ್ದ ಎಂದು ಹೇಳಿದವರೂ ಅವರೇ. ನನ್ನನ್ನು ಮದುವೆಯಾದ ಹೊಸದರಲ್ಲಿ ಇವರು ಕರೆದುಕೊಂಡು ಹೋದದ್ದು ಬಸ್ ಡಿಪೋಗೆ. ಹೊಸ ಬಸ್ ಬಂದಿತ್ತು, ಅದನ್ನು ತೋರಿಸಲಿಕ್ಕೆ!

ಇವರು ಬಸ್ ಡ್ರೈವರ್. ನಾನು ಬೂಟು ರಿಪೇರಿ ಮಾಡುವವಳು. ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ, ಕ್ಷೌರದಂಗಡಿಗೂ ಬೀಗದ ಕೈ ಮಾಡುವವನ ಅಂಗಡಿಗೂ ನಡುವೆ ಸಿಕ್ಕಿಕೊಂಡಂತಿರುವ ಇಕ್ಕಟ್ಟಿನ ಅಂಗಡಿ ನನ್ನದು. ಅಪ್ಪನಿಂದ ಬಂದದ್ದು. ಎಲೆ ಉದುರುವ ಕಾಲ ಬಂತೆಂದರೆ ಇಡೀ ಊರು ಚಳಿಗೆ ಮುಂಚೆ ಬೂಟು ಸರಿಮಾಡಿಸಿಕೊಳ್ಳಲು ನನ್ನ ಬಾಗಿಲಿಗೆ ಬರುತ್ತದೆ. ಅದಕ್ಕೇ, ಆ ಕಾಲದಲ್ಲೇ ಬರುವ ಇವರ ಹುಟ್ಟುಹಬ್ಬಕ್ಕೆ ನಾನು ಇದುವರೆಗೆ ಅಂಗಡಿ ಮುಚ್ಚಿದವಳಲ್ಲ. ಈ ಸಲ ಮುಚ್ಚುತ್ತೇನೆ ಎಂದು ಹಟ ಹಿಡಿದೆ. ಅವಳಿಗೆ ಸಮುದ್ರವಾದರೆ ನನಗೆ ನದಿಯಾದರೂ ಬೇಡವೇ?

ನನ್ನ ತಂಗಿ ರೈಲ್ವೆ ಸ್ಟೇಷನ್ನಿನ ಟಿಕೆಟ್ ಕೌಂಟರಿನಲ್ಲಿ ಕೂರುವವಳು. ಯಾವ ಊರಿನಲ್ಲಿ ಯಾವ ಹೋಟೆಲು, ಯಾವ ರೂಮಿನ ಕಿಟಕಿ ಯಾವ ಕಡೆಗೆ ಎನ್ನುವುದೆಲ್ಲ ಅವಳಿಗೆ ಬಾಯಿಪಾಠ. ಅವಳೇ ಊಟದ ಬಿಡುವಿನಲ್ಲಿ ಅಂಗಡಿಗೆ ಬಂದು, ಮೊಳೆ ಡಬ್ಬ ಪಕ್ಕಕ್ಕೆ ಸರಿಸಿ, ನನ್ನ ಸ್ಟೂಲಿನ ಮೇಲೆ ಕೂತು ಎಲ್ಲ ಗೊತ್ತುಮಾಡಿದಳು. ಶುಕ್ರವಾರ ಬೆಳಿಗ್ಗೆ ರೈಲು. ಸಂಜೆ ದೀಪ ಹತ್ತುವ ಹೊತ್ತಿಗೆ ನದಿಯಲ್ಲಿ ದೋಣಿ. ಶನಿವಾರ ಹುಟ್ಟುಹಬ್ಬ: ಅವತ್ತು ಸಾಲುಮರದ ರಸ್ತೆಯಲ್ಲಿ ತಿರುಗಾಟ, ಮರಗಳೆಲ್ಲ ಆಗ ಕೆಂಪಗೆ ಆಗಿರುತ್ತವಂತೆ. ರಾತ್ರಿ ಊಟಕ್ಕೆ ಇಬ್ಬರೇ ಕೂರುವ ಪುಟ್ಟ ಮೇಜುಗಳಿರುವ ಮಹಡಿ ಹೋಟೆಲು.

“ಅಕ್ಕಾ, ನದಿ ಕಡೆ ಕಿಟಕಿನೇ ಬೇಕಾ? ಭಾವನಿಗೆ ರಸ್ತೆ ಕಡೆ ರೂಮು ಸಾಕು. ಬಸ್ ಕಂಡ್ರೆ ಅವರಿಗೆ ಅದೇ ಸ್ವರ್ಗ.”

“ನದಿ ಕಡೆದೇ ಬೇಕು.”

“ಆಯ್ತು ತಾಯಿ. ಮಧ್ಯಾಹ್ನ ಚಿತ್ರಶಾಲೆ ನೋಡ್ಕೊಂಡು ಬನ್ನಿ, ದೊಡ್ಡ ದೊಡ್ಡ ಪೇಂಟಿಂಗ್ ಇಟ್ಟಿದ್ದಾರೆ.”

“ಚಿತ್ರಶಾಲೆ ಬೇಡ.”

“ಯಾಕೆ, ಚೆನ್ನಾಗಿದೆಯಂತೆ—”

“ಬೇಡ ಅಂದ್ನಲ್ಲ!”

ತಂಗಿ ನನ್ನ ಮುಖ ನೋಡಿ, “ಓಹೋ, ಇಲ್ಲಿಗೆ ಬಂತಾ ವಿಷಯ” ಎಂದಳು. “ಅಕ್ಕಾ, ಆ ಟೀಚರಮ್ಮ ನಿನ್ನ ಗಂಡನ್ನ ಬಿಟ್ಟು ಎಷ್ಟು ಕಾಲ ಆಯ್ತು! ಅವರೇ ಮರೆತಿದ್ದಾರೆ, ನೀನು ಮಾತ್ರ ಅವಳನ್ನ ಬಿಡ್ತಿಲ್ಲ.” ನಾನು ಬಾಯಿಗೆ ನಾಲ್ಕು ಮೊಳೆ ತುಂಬಿಕೊಂಡು ಸುತ್ತಿಗೆ ಎತ್ತಿಕೊಂಡೆ.

ಆ ಭಾನುವಾರ ಮನೆಯ ಬೂಟುಗಳಿಗೆಲ್ಲ ಪಾಲಿಶ್ ಹಾಕಲು ಕೂತೆ. ಬೂಟು ಕೈಗೆ ಬಂದರೆ ಮಗುಚಿ ಅಟ್ಟೆ ನೋಡುವುದು ನನ್ನ ಅಭ್ಯಾಸ. ಡ್ಯೂಟಿ ಇಲ್ಲದಾಗ ಇವರು ಹಾಕಿಕೊಳ್ಳುವ ಕಂದು ಬೂಟಿಗೆ ಬೇಸಿಗೆಯಲ್ಲಿ ನಾನೇ ಹೊಸ ಚರ್ಮದ ಅಟ್ಟೆ ಹಾಕಿಕೊಟ್ಟಿದ್ದೆ. ಮಗುಚಿ ನೋಡಿ ಕಿಟಕಿಯ ಬೆಳಕಿಗೆ ಹಿಡಿದೆ. ಮನುಷ್ಯ ಮುಂದಕ್ಕೆ ನಡೆದರೆ ಮೊದಲು ಹಿಮ್ಮಡಿ ನೆಲ ಮುಟ್ಟುತ್ತದೆ, ಸವೆಯುವುದೂ ಅದೇ ಮೊದಲು. ಇಲ್ಲಿ ಹಿಮ್ಮಡಿ ಹೊಸದರ ಹಾಗೇ ಇತ್ತು. ಬೆರಳ ತುದಿಯ ಅಂಚು ಮಾತ್ರ ನಾರುನಾರಾಗಿ ಎದ್ದಿತ್ತು. ಗೀರುಗಳೂ ಉಲ್ಟಾ ಎಳೆದಿದ್ದವು. ಮಣ್ಣಿಲ್ಲ, ಮರಳಿಲ್ಲ, ಬರೀ ಹೊಳಪು. ಅಂದರೆ ಈ ಮಹಾನುಭಾವರು ಎಲ್ಲೋ ನುಣ್ಣನೆಯ ನೆಲದ ಮೇಲೆ ಸಣ್ಣ ಸಣ್ಣ ಹೆಜ್ಜೆ ಇಡುತ್ತಾ ಹಿಂದಕ್ಕೆ ನಡೆಯುತ್ತಿದ್ದಾರೆ.

ಇಂಥ ಅಟ್ಟೆ ನನಗೆ ಹೊಸದೇನಲ್ಲ. ಮೇಲಿನ ಬೀದಿಯ ಡ್ಯಾನ್ಸ್ ಕ್ಲಾಸಿಗೆ ಹೋಗುವ ಹೆಂಗಸರ ಬೂಟುಗಳು ಹೀಗೇ ಬರುತ್ತವೆ. ಜೋಡಿ ಕುಣಿತದಲ್ಲಿ ಗಂಡಸು ಮುಂದೆ ಬರುತ್ತಾನೆ, ಹೆಂಗಸು ಹಿಂದೆ ಹಿಂದೆ ಸರಿಯುತ್ತಾಳೆ. ಇಲ್ಲಿ ಹಿಂದೆ ಸರಿಯುತ್ತಿರುವವರು ನಮ್ಮವರು! ಯಾವಳೋ ಒಬ್ಬಳು ಎರಡೂ ಕೈ ಹಿಡಿದುಕೊಂಡು, ತಾನು ಮುಂದೆ ಬರುತ್ತಾ, ಈ ಐವತ್ತರ ಗಂಡಸನ್ನು ಕುಣಿಸುತ್ತಿದ್ದಾಳೆ. ನನ್ನ ಮೈಯೆಲ್ಲ ಉರಿದುಹೋಯಿತು. ನನ್ನ ಜೊತೆ ಬಾಗಿಲ ತನಕ ನಡೆಯುವುದಕ್ಕೆ ಸೊಂಟ ನೋವು ಎನ್ನುವ ಆಸಾಮಿ!

ಆಮೇಲೆ ನನ್ನ ಕಣ್ಣಿಗೂ ಮೂಗಿಗೂ ಬಿಡುವಿಲ್ಲದಾಯಿತು. ಮಂಗಳವಾರ ಮತ್ತು ಶುಕ್ರವಾರ ಇವರ ಅಂಗಿಯಿಂದ ನೋವಿನ ಮುಲಾಮಿನ ವಾಸನೆ. ಕುಣಿದು ಕುಣಿದು ಮೈಕೈ ಹಿಡಿದುಕೊಂಡಿರಬೇಕು, ಇನ್ನೇನು? ಭಾನುವಾರ ಮಧ್ಯಾಹ್ನ ಊಟ ಮಾಡಿ ಸೋಫಾದ ಮೇಲೆ ತೂಕಡಿಸುವಾಗ “ಎಡ... ಬಲ... ಹಾಂ, ಹಾಗೇ... ನಿಧಾನ” ಎಂದು ಬಡಬಡಿಸಿದರು. ನಿದ್ದೆಯಲ್ಲೂ ತಾಳ! ಆ ‘ನಿಧಾನ’ ಎಷ್ಟು ಮೆತ್ತಗೆ ಬಂತೆಂದರೆ, ಇಷ್ಟು ವರ್ಷದಲ್ಲಿ ಈ ದನಿಯಲ್ಲಿ ನನ್ನ ಹತ್ತಿರ ಒಂದು ಲೋಟ ನೀರನ್ನೂ ಕೇಳಿಲ್ಲ. ಪಕ್ಕದಲ್ಲಿದ್ದ ದಿಂಬನ್ನು ತಲೆಯ ಮೇಲೆ ಕುಕ್ಕಿಬಿಡಬೇಕು ಎನ್ನಿಸಿತು.

ತಡೆದುಕೊಳ್ಳಲಾಗದೆ ಮೇಲಿನ ಬೀದಿಯ ಡ್ಯಾನ್ಸ್ ಮಾಸ್ತರರ ಹತ್ತಿರವೇ ಹೋಗಿ, ಯಾರಿಗೋ ಎಂಬಂತೆ, ಐವತ್ತರ ಆಸುಪಾಸಿನ ಗಂಡಸರು ಬರುತ್ತಾರೆಯೇ ಎಂದು ಕೇಳಿದೆ.

“ಬರಲ್ಲಮ್ಮ,” ಎಂದರು ಮಾಸ್ತರು. “ಬಂದ್ರೂ ಎರಡನೇ ಕ್ಲಾಸಿಗೆ ಬರಲ್ಲ.”

ಹಾಗಾದರೆ ಬೇರೆ ಕಡೆ, ಯಾವಳದೋ ಮನೆಯೊಳಗೇ ನಡೆಯುತ್ತಿದೆ ಎಂದಾಯಿತು. ಅದು ಇನ್ನೂ ಕೆಟ್ಟದ್ದು.

ಆದರೂ ಬಾಯಿಗೆ ಬೀಗ ಹಾಕಿಕೊಂಡೆ. ಕೇಳಿದರೆ ಸುಳ್ಳು ಹೇಳುತ್ತಾರೆ, ಸುಳ್ಳು ಹೇಳಿದರೆ ನಾನು ಸುಮ್ಮನಿರುವವಳಲ್ಲ, ಆಮೇಲೆ ನದಿಯೂ ಇಲ್ಲ ದೋಣಿಯೂ ಇಲ್ಲ. ಮೊದಲು ಪಟ್ಟಣಕ್ಕೆ ಕರೆದುಕೊಂಡು ಹೋಗುವುದು. ಎರಡು ದಿನ ಪೂರ್ತಿ ನನ್ನ ಕೈಯಲ್ಲಿ ಸಿಕ್ಕರೆ ಈ ಮನುಷ್ಯ ಯಾರ ಕಡೆ ಎನ್ನುವುದು ತಿಳಿಯುತ್ತದೆ. ಹೀಗೆ ಲೆಕ್ಕಹಾಕಿ ಒಂದು ಬೆಳಿಗ್ಗೆ ಕಾಫಿ ಕೊಡುತ್ತಾ ವಿಷಯ ಹೇಳಿದೆ. ಇವರ ಮುಖ ಅರಳಿತು, ಅದನ್ನು ಸುಳ್ಳೆನ್ನಲಾರೆ. “ನದಿ ಕಾಣೋ ರೂಮಾ? ಅಯ್ಯೋ, ನನಗಾ!” ಎಂದರು. ಆಮೇಲೆ ಕಾಫಿ ಲೋಟ ತಿರುಗಿಸುತ್ತಾ ಕೂತರು.

“ಶುಕ್ರವಾರ ಬೇಡ ಕಣೇ. ಶನಿವಾರ ಬೆಳಿಗ್ಗೆ ಹೊರಡೋಣ.”

“ಯಾಕೆ?”

“ಶುಕ್ರವಾರ ಡ್ಯೂಟಿ. ರಜಾ ಸಿಗಲ್ಲ.”

“ಐವತ್ತು ವರ್ಷಕ್ಕೆ ಒಂದು ಸಲ ರಜಾ ಕೇಳಿದ್ರೆ ಡಿಪೋ ಮುಳುಗಿಹೋಗುತ್ತಾ?”

“ಕೇಳಿ ನೋಡ್ತೀನಿ” ಎಂದರು. ಕೇಳುವವರ ದನಿ ಅದಲ್ಲ.

ಅದೇ ವಾರ ಇವರ ಬಸ್ಸಿನ ಕಂಡಕ್ಟರ್ ಹಿಮ್ಮಡಿ ಕಿತ್ತುಬಂದ ಬೂಟು ಹಿಡಿದು ಅಂಗಡಿಗೆ ಬಂದ. ನಾನು ಸುಮ್ಮನೆ ಮಾತಿಗೆಳೆದೆ. “ಶುಕ್ರವಾರ ತುಂಬಾ ರಶ್ಶಾ ನಿಮಗೆ?”

“ಎಲ್ಲಿ ರಶ್ಶು ಅತ್ತಿಗೆ! ಮಂಗಳವಾರ, ಶುಕ್ರವಾರ ಅಣ್ಣ ಮಧ್ಯಾಹ್ನಕ್ಕೇ ಇಳಿದುಬಿಡ್ತಾರಲ್ಲ. ಅದೃಷ್ಟವಂತರು ನೀವು, ಮನೆಗೆ ಓಡಿಬರೋ ಗಂಡ ಯಾರಿಗೆ ಸಿಗ್ತಾನೆ!”

ಸುತ್ತಿಗೆ ನನ್ನ ಹೆಬ್ಬೆರಳ ಮೇಲೇ ಬಿತ್ತು. ಅವನ ಬೂಟಿಗೆ ಬೇಕಾದ್ದಕ್ಕಿಂತ ಎರಡು ಮೊಳೆ ಜಾಸ್ತಿ ಹೊಡೆದು ಕಳಿಸಿದೆ.

ಹುಟ್ಟುಹಬ್ಬದ ವಾರ ಬಂತು. ಸೋಮವಾರ ನಾನು ಆ ಕಂದು ಬೂಟನ್ನು ಅಂಗಡಿಗೆ ಒಯ್ದೆ. ಕುಣಿಯುವವರಿಗೆ ಚರ್ಮದ ಅಟ್ಟೆಯೇ ಯಾಕೆ ಬೇಕೆಂದರೆ ಅದು ನುಣ್ಣನೆಯ ನೆಲದ ಮೇಲೆ ಜಾರುತ್ತದೆ. ರಬ್ಬರ್ ಜಾರುವುದಿಲ್ಲ, ಎಲ್ಲಿಟ್ಟರೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಕೊರಕಲು ಕೊರಕಲಾಗಿರುವ, ಮಂಜಿನಲ್ಲಿ ಕಲ್ಲು ಗಣಿಯವರು ಹಾಕಿಕೊಳ್ಳುವಂಥ ದಪ್ಪ ರಬ್ಬರು ಆರಿಸಿದೆ. ಅಂಟು ಬಳಿದು, ಒತ್ತಿ, ಅಂಚು ಕೊರೆದು, ಮೇಲೆ ಪಾಲಿಶ್ ಹಾಕಿ, ಬಾಗಿಲ ಹತ್ತಿರ ಜೋಡಿಸಿಟ್ಟೆ. “ಈಗ ಕುಣೀರಿ ನೋಡೋಣ” ಎಂದು ಬೂಟಿಗೇ ಹೇಳಿದೆ. ಹಾಗೆ ನಿಜ ಹೇಳಬೇಕೆಂದರೆ, ತುಂಬಾ ದಿನದ ಮೇಲೆ ಅವತ್ತು ನನಗೆ ಹಸಿವಾಯಿತು.

ಮಂಗಳವಾರ ಮಧ್ಯಾಹ್ನ ಫೋನು. ಹೆಣ್ಣು ದನಿ.

“ಆಸ್ಪತ್ರೆಯಿಂದ ಮಾತಾಡ್ತಿದ್ದೀನಿ. ಫಿಸಿಯೋಥೆರಪಿ ವಿಭಾಗ. ಇಲ್ಲೊಬ್ಬರು ಬಿದ್ದಿದ್ದಾರೆ, ಜೇಬಿನಲ್ಲಿ ನಿಮ್ಮ ಅಂಗಡಿ ಚೀಟಿ ಇತ್ತು. ಗಾಬರಿ ಏನಿಲ್ಲ, ಮೊಣಕೈಗೆ ಪೆಟ್ಟಾಗಿದೆ. ಕರ್ಕೊಂಡು ಹೋಗೋಕೆ ಯಾರಾದ್ರೂ ಬರ್ತೀರಾ?”

ಅಂಗಡಿಯ ಬಾಗಿಲು ಎಳೆದೆನೋ ಇಲ್ಲವೋ ನೆನಪಿಲ್ಲ. ಆಸ್ಪತ್ರೆಯ ಹಿಂಭಾಗದಲ್ಲಿ ಉದ್ದನೆಯ ಒಂದು ಹಾಲು. ಒಂದು ಗೋಡೆಯಿಡೀ ಕಿಟಕಿ, ಹೊರಗೆ ಹಳದಿಯಾದ ಮರಗಳು. ಒಳಗೆ ಹಿಡಿದುಕೊಂಡು ನಡೆಯಲು ಕಬ್ಬಿಣದ ಸರಳುಗಳು, ನಾಲ್ಕೈದು ಗಾಲಿಕುರ್ಚಿಗಳು, ಮುಲಾಮಿನ ವಾಸನೆ. ನೆಲ ಒರೆಸಿ ಒರೆಸಿ ಫಳಫಳ ಎನ್ನುತ್ತಿತ್ತು. ಆ ನೆಲ ನೋಡಿದ ಕೂಡಲೇ ನನ್ನ ಕಾಲು ಬಾಗಿಲಲ್ಲೇ ನಿಂತಿತು.

ಇವರು ಬೆಂಚಿನ ಮೇಲೆ ಮೊಣಕೈಗೆ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದರು. ಪಕ್ಕದ ಗಾಲಿಕುರ್ಚಿಯಲ್ಲಿ ಒಬ್ಬ ಹೆಂಗಸು. ನರೆತ ಕೂದಲನ್ನು ಎತ್ತಿ ಕಟ್ಟಿದ್ದಳು. ಬಿಳಿ ಕೋಟಿನ ಫಿಸಿಯೋ ನನ್ನನ್ನು ನೋಡಿ, “ನೀವು ಇವರ ತಂಗಿಯಾ? ಇವರ ಮಿಸೆಸ್ಸಿಗೆ ಏನೂ ಆಗಿಲ್ಲ, ಹೆದರಿದ್ದಾರೆ ಅಷ್ಟೇ” ಎಂದು ಆ ಗಾಲಿಕುರ್ಚಿಯ ಕಡೆ ಕೈ ತೋರಿಸಿದಳು.

“ಇವರ ಹೆಂಡತಿ ನಾನು” ಎಂದೆ.

ಫಿಸಿಯೋ ನನ್ನನ್ನೂ ಆಕೆಯನ್ನೂ ಒಂದು ಸಲ ನೋಡಿ, ಯಾವುದೋ ಕೆಲಸ ನೆನಪಾದವಳ ಹಾಗೆ ಆಚೆ ಹೋದಳು. ಯಾರೂ ಪರಿಚಯ ಮಾಡಿಕೊಡಬೇಕಾಗಲಿಲ್ಲ. ನನ್ನತ್ತೆಯ ಆಲ್ಬಮ್ಮಿನಲ್ಲಿ ನಾನು ಕದ್ದು ನೋಡಿದ್ದ ಮುಖವೇ ಅದು, ಒಂದಿಷ್ಟು ಬಾಡಿತ್ತು. ಮುತ್ತಿನ ಅಕ್ಷರದ ಟೀಚರಮ್ಮ.

ಬಸ್ಸಿನಲ್ಲಿ ಮನೆಗೆ ಬರುವಾಗ ಇವರು ಎಲ್ಲ ಹೇಳಿದರು. ಶಾಲೆಯಲ್ಲಿ ಮಕ್ಕಳ ಚಿತ್ರ ತೂಗುಹಾಕುವಾಗ ಏಣಿಯಿಂದ ಬಿದ್ದು ಆಕೆಯ ಸೊಂಟದ ಮೂಳೆ ಮುರಿದಿತ್ತಂತೆ. ಒಬ್ಬಳೇ ಇರುವುದು. ಆಸ್ಪತ್ರೆಗೆ ಹೋಗಲು ಹತ್ತಿದ್ದು ಇವರ ಬಸ್ಸು. ಗಾಲಿಕುರ್ಚಿ ಎತ್ತಿ ಇಳಿಸಿಕೊಟ್ಟರಂತೆ. ಕೈ ಹಿಡಿದು ನಡೆಸುವವರು ಮನೆಯಿಂದ ಯಾರಾದರೂ ಬರಬೇಕೆಂದು ಆಸ್ಪತ್ರೆಯವರು ಹೇಳಿದಾಗ ಆಕೆ ಸುಮ್ಮನೆ ತಲೆ ತಗ್ಗಿಸಿದಳಂತೆ. ಇವರು “ನಾನು ಬರ್ತೀನಿ” ಎಂದುಬಿಟ್ಟರಂತೆ. ಅಲ್ಲಿಂದ ಶುರು. ಕಂದು ಬೂಟನ್ನು ಚೀಲದಲ್ಲಿಟ್ಟುಕೊಂಡು ಹೋಗಿ ಅಲ್ಲೇ ಹಾಕಿಕೊಳ್ಳುತ್ತಿದ್ದರಂತೆ. ಆಕೆ ಮುಂದಕ್ಕೆ ಒಂದೊಂದೇ ಹೆಜ್ಜೆ, ಇವರು ಆಕೆಯ ಎರಡೂ ಕೈ ಹಿಡಿದು ಹಿಂದಕ್ಕೆ ಒಂದೊಂದೇ ಹೆಜ್ಜೆ. ಇವತ್ತು ಇವರ ಬೂಟು ನೆಲ ಕಚ್ಚಿ, ಹಿಂದಕ್ಕೆ ಉರುಳಿಬಿದ್ದರು. ಆಕೆ ಇವರ ಮೇಲೆ ಬಿದ್ದಳು.

“ಮೇಲೇ ಬಿದ್ಲಾ?” ಎಂದೆ. ಅಷ್ಟು ಹೊತ್ತೂ ಕೇಳಿಸಿಕೊಂಡದ್ದರಲ್ಲಿ ನನಗೆ ಹಿಡಿದದ್ದು ಅದೇ.

ಮನೆಗೆ ಬಂದ ಮೇಲೆ ಇವರು ಬೂಟು ಬಿಚ್ಚಿ, ನನ್ನ ಹಾಗೆಯೇ, ಮಗುಚಿ ನೋಡಿದರು.

“ರಬ್ಬರ್ ಯಾಕೆ ಹಾಕಿದೆ?”

“ಜಾರಬಾರದು ಅಂತ.”

“ಜಾರದೇ ಇದ್ದಿದ್ದಕ್ಕೇ ಬಿದ್ದಿದ್ದು” ಎಂದು ಬೂಟನ್ನು ನನ್ನ ಮುಂದಿಟ್ಟರು. ಇವರು ದಡ್ಡರಲ್ಲ. ಇಷ್ಟು ವರ್ಷ ನನ್ನ ಜೊತೆ ಬಾಳಿದವರಿಗೆ ಯಾವ ಅಟ್ಟೆ ಯಾಕೆ ಎಂದು ಅಷ್ಟೂ ತಿಳಿಯುವುದಿಲ್ಲವೇ? “ಅನುಮಾನ ಇದ್ರೆ ಕೇಳಬಹುದಿತ್ತಲ್ಲ.”

“ನೀವು ಹೇಳಬಹುದಿತ್ತಲ್ಲ!”

“ಹೇಳಿದ್ರೆ ಬಿಡ್ತಿದ್ಯಾ?”

“ಬಿಡ್ತಿರಲಿಲ್ಲ!”

“ಮತ್ತೆ?”

“ಮತ್ತೆ ಏನು ಮತ್ತೆ? ಬಿಡ್ತಿರಲಿಲ್ಲ, ಕೂಗಾಡ್ತಿದ್ದೆ, ಎರಡು ದಿನ ಊಟ ಬಿಡ್ತಿದ್ದೆ, ಆಮೇಲೆ ಹೋಗಿ ಸಾಯಿರಿ ಅಂತ ಕಳಿಸ್ತಿದ್ದೆ. ಅದಕ್ಕೂ ನಾನು ಯೋಗ್ಯಳಲ್ವಾ? ಊರಲ್ಲಿ ಅಷ್ಟೊಂದು ಜನ ಇದ್ದಾರೆ, ಅವಳ ಕೈ ಹಿಡಿಯೋಕೆ ನೀವೇ ಆಗ್ಬೇಕಿತ್ತಾ?” ನನಗೆ ಅಳು ಬಂದರೆ ಕೋಪ ಇನ್ನೂ ಜಾಸ್ತಿ. ಒಳಗೆ ಹೋಗಿ ಬಾಗಿಲು ದಡಾರನೆ ಹಾಕಿಕೊಂಡೆ.

ಬುಧವಾರ ಬೆಳಿಗ್ಗೆ ಎದ್ದು ಬೂಟಿನ ರಬ್ಬರು ಕಿತ್ತು, ಇವರ ಎದುರಿಗೇ ಕೂತು ಚರ್ಮದ ಅಟ್ಟೆ ಹಾಕಿದೆ. ಕ್ಷಮಿಸಿ ಎನ್ನುವುದು ನನ್ನ ಬಾಯಲ್ಲಿ ಬರುವ ಮಾತಲ್ಲ, ಅದು ಇವರಿಗೂ ಗೊತ್ತು. ಅಂಚು ಉಜ್ಜಿ ಮುಗಿಸುವ ತನಕ ನೋಡುತ್ತಾ ಕೂತಿದ್ದವರು, “ನಾವು ಪಟ್ಟಣಕ್ಕೆ ಹೋಗೋದು ಬೇಡ” ಎಂದರು.

“ಏನು?”

“ಅವಳನ್ನ ಆಸ್ಪತ್ರೆಯಲ್ಲೇ ಇರಿಸ್ಕೊಂಡಿದ್ದಾರೆ, ಬಿದ್ದಾಗಿನಿಂದ ಎದ್ದು ನಿಂತಿಲ್ಲವಂತೆ. ಫಿಸಿಯೋ ಫೋನ್ ಮಾಡಿದ್ಲು. ನಿಲ್ಲಿಸೋಕೆ ಹೋದ್ರೆ ಅಳ್ತಾಳಂತೆ. ಈಗ ನಿಲ್ಲದೇ ಹೋದ್ರೆ ಆಮೇಲೆ ಕಷ್ಟ ಅಂತಾರೆ. ಬೀಳಿಸಿದ್ದು ನಾನು. ಅವಳು ಎದ್ದು ನಿಲ್ಲೋವರೆಗೂ ನಾನು ದೋಣಿ ಗೀಣಿ ಹತ್ತಲಾರೆ ಕಣೇ. ಮನಸ್ಸು ಒಪ್ಪಲ್ಲ.”

ಬೀಳಿಸಿದ್ದು ನಾನು ಎಂದು ಅವರು ತಮ್ಮನ್ನೇ ಅಂದುಕೊಂಡರು, ನನ್ನನ್ನಲ್ಲ. ಅದು ಚುಚ್ಚಿತು. ಆದರೆ ಅದಕ್ಕಿಂತ ಚುಚ್ಚಿದ್ದು ಬೇರೆ. ನದಿಯ ಕಡೆಯ ಕಿಟಕಿ, ಪುಟ್ಟ ಮೇಜು, ಕೆಂಪು ಮರಗಳು, ಎಲ್ಲ ಮತ್ತೆ ಅವಳ ಪಾಲಾಯಿತು. ಎದ್ದು ನಡೆಯಲು ಬಾರದೆಯೂ ಗೆದ್ದವಳು ಅವಳೇ. ತಂಗಿಗೆ ಫೋನ್ ಮಾಡಿದರೆ, “ಅಕ್ಕಾ, ಕ್ಯಾನ್ಸಲ್ ಮಾಡ್ಲಾ?” ಎಂದಳು. “ಮುಟ್ಟಿದ್ರೆ ಕೈ ಮುರೀತೀನಿ” ಎಂದೆ.

ಗುರುವಾರ ಅಂಗಡಿ ತೆಗೆಯಲಿಲ್ಲ. ಇವರು ಡ್ಯೂಟಿಗೆ ಹೋದ ಮೇಲೆ ನಾನು ನನ್ನದೇ ಚರ್ಮದ ಅಟ್ಟೆಯ ಬೂಟು ಹಾಕಿಕೊಂಡು ಆಸ್ಪತ್ರೆಗೆ ಹೋದೆ. ಆಕೆ ಕಿಟಕಿಯ ಹತ್ತಿರ ಗಾಲಿಕುರ್ಚಿಯಲ್ಲಿ ಕೂತಿದ್ದಳು. ನನ್ನನ್ನು ಕಂಡು ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡಳು. ನಾನು ಹೊಡೆಯಲು ಬಂದಿದ್ದೇನೆ ಎಂದುಕೊಂಡಳೋ ಏನೋ.

“ಏಳಿ,” ಎಂದೆ. “ನಾಳೆ ಬೆಳಿಗ್ಗೆ ನನಗೆ ರೈಲಿದೆ.”

“ಏನಂದ್ರಿ?”

“ನೀವು ನಿಲ್ಲೋವರೆಗೂ ಅವರು ಎಲ್ಲಿಗೂ ಬರಲ್ಲವಂತೆ. ನನಗೆ ಅವರು ಬೇಕು. ಅದಕ್ಕೆ ನೀವು ನಿಲ್ಬೇಕು.”

“ನನ್ನ ಕೈಲಿ ಆಗಲ್ಲ. ಮತ್ತೆ ಬೀಳ್ತೀನಿ. ಅವರಂಥವರೇ ಜಾರಿಬಿದ್ರು.”

“ಅವರು ಜಾರಲಿಲ್ಲ. ಬೂಟಿಗೆ ದಪ್ಪ ರಬ್ಬರ್ ಹೊಡೆದಿದ್ದೆ. ಅದು ನೆಲ ಕಚ್ಚಿಕೊಳ್ತು.”

“ಯಾಕೆ?”

ಹೇಳಬಾರದಿತ್ತು. ಆದರೆ ನನ್ನ ಬಾಯಿ ನನ್ನ ಮಾತು ಕೇಳಿದ್ದು ಯಾವಾಗ? “ಯಾವಳೋ ಅವರನ್ನ ಕುಣಿಸ್ತಿದ್ದಾಳೆ ಅಂದ್ಕೊಂಡೆ. ಅಟ್ಟೆ ಹಿಂದಕ್ಕೆ ಸವೆದಿತ್ತು. ಜೋಡಿ ಡ್ಯಾನ್ಸು ಅಂದ್ಕೊಂಡೆ.”

ಆ ಹೆಂಗಸು ನನ್ನನ್ನೇ ನೋಡಿದಳು. ಆಮೇಲೆ ತನ್ನ ಎರಡು ಕಾಲು ನೋಡಿಕೊಂಡಳು. ಆಮೇಲೆ ನಗತೊಡಗಿದಳು. ಅದೆಂಥ ನಗು ಅಂತೀರಿ, ಆ ಹಾಲಿನಲ್ಲಿದ್ದ ಊರುಗೋಲಿನ ಮುದುಕರೆಲ್ಲ ತಿರುಗಿ ನೋಡಿದರು. “ಅವರಾ? ಡ್ಯಾನ್ಸಾ?” ಎನ್ನುತ್ತಾ, ಸೊಂಟ ಹಿಡಿದುಕೊಂಡು, “ಅಯ್ಯೋ ನೋಯ್ತದೆ, ನಗಿಸಬೇಡಿ” ಎನ್ನುತ್ತಾ ಕಣ್ಣಲ್ಲಿ ನೀರು ತಂದುಕೊಂಡಳು. ನನಗೆ ಸಿಟ್ಟು ಬಂತು. ಆಮೇಲೆ ಕಂದು ಬೂಟು ಹಾಕಿಕೊಂಡ ನಮ್ಮ ಡ್ರೈವರ್ ಸಾಹೇಬರು ಸೊಂಟ ಬಳುಕಿಸುವುದು ಕಣ್ಣ ಮುಂದೆ ಬಂದು ನನಗೂ ತಡೆಯಲಾಗಲಿಲ್ಲ. ಶತ್ರುವಿನ ಎದುರು ಹೀಗೆ ನಗುವುದು ಬಹಳ ನಷ್ಟದ ಕೆಲಸ.

ನಗು ನಿಂತ ಮೇಲೆ ಆಕೆ ಮುಖ ಒರೆಸಿಕೊಂಡು, “ಕೈ ಕೊಡಿ” ಎಂದಳು.

ಕೊಟ್ಟೆ. ಬಣ್ಣ ಮೆತ್ತಿದ ಉಗುರುಗಳ, ತಣ್ಣನೆಯ ಕೈ. ಫಿಸಿಯೋ ಓಡಿಬಂದು ಪಕ್ಕದಲ್ಲಿ ನಿಂತಳು. ಆಕೆ ಹಲ್ಲು ಕಚ್ಚಿ ಎದ್ದಳು. ನಾನು ಒಂದು ಹೆಜ್ಜೆ ಹಿಂದಕ್ಕೆ ಇಟ್ಟೆ. ಆಕೆ ಒಂದು ಹೆಜ್ಜೆ ಮುಂದಕ್ಕೆ. ಮತ್ತೊಂದು.

ಹಿಂದಕ್ಕೆ ನಡೆಯುವವರಿಗೆ ದಾರಿ ಕಾಣುವುದಿಲ್ಲ. ಕಾಣುವುದು ಎದುರಿಗೆ ಬರುತ್ತಿರುವವರು ಮಾತ್ರ. ಆಕೆಯ ಹಣೆಯ ಬೆವರು ಕಂಡೆ. ಕಣ್ಣ ಕೆಳಗೊಂದು ಸಣ್ಣ ಮಚ್ಚೆ ಕಂಡೆ. ನೋವಾದಾಗ ಕೆಳದುಟಿ ಕಚ್ಚಿ, ನೋವು ಕಳೆದಾಗ ಚಿಕ್ಕ ಹುಡುಗಿಯ ಹಾಗೆ ಹಿಗ್ಗುವುದನ್ನು ಕಂಡೆ. ಚೆಂದದ ಹೆಂಗಸು. ನರೆತರೂ ಚೆಂದ. ಇದನ್ನೆಲ್ಲ ಇವರು ಇಷ್ಟು ಹತ್ತಿರದಿಂದ, ಕೈಯಲ್ಲಿ ಕೈ ಇಟ್ಟುಕೊಂಡು, ಬೇಸಿಗೆ ಕಳೆದಾಗಿನಿಂದ ನೋಡುತ್ತಿದ್ದಾರೆ! ನನ್ನ ಹೊಟ್ಟೆಯಲ್ಲಿ ಮತ್ತೆ ಬೆಂಕಿ ಬಿತ್ತು. ಕೈ ಬಿಟ್ಟುಬಿಡಲೇ ಎನ್ನಿಸಿತು. ಸುಳ್ಳು ಯಾಕೆ ಹೇಳಲಿ, ಎನ್ನಿಸಿತು. ಇನ್ನೂ ಗಟ್ಟಿಯಾಗಿ ಹಿಡಿದುಕೊಂಡೆ.

“ನೀವು ಮುಖ ನೋಡ್ತೀರಿ” ಎಂದಳು ಆಕೆ.

“ಇನ್ನೇನು ನೋಡ್ಲಿ?”

“ಅವರು ನೋಡ್ತಿರಲಿಲ್ಲ.” ಒಂದು ಹೆಜ್ಜೆ ಇಟ್ಟು ಉಸಿರು ತೆಗೆದುಕೊಂಡಳು. “ನನ್ನ ಕಾಲನ್ನೇ ನೋಡ್ತಾ ನಡೀತಿದ್ರು. ಎಡ, ಬಲ, ನಿಧಾನ, ಅಷ್ಟೇ. ಒಂದು ದಿನ ಕೂದಲು ಬೇರೆ ಥರ ಕಟ್ಕೊಂಡು ಬಂದಿದ್ದೆ. ಈ ವಯಸ್ಸಲ್ಲಿ, ನಾಚಿಕೆ ಇಲ್ದೆ. ಗೊತ್ತೇ ಆಗ್ಲಿಲ್ಲ ಅವರಿಗೆ. ಗಂಟೆ ಹೊಡೆದ ತಕ್ಷಣ ಮನೆಗೆ ಹೋಗೋ ಬಸ್ಸಿಗೆ ಹೊತ್ತಾಯ್ತು ಅಂತ ಓಡೋರು. ಇಷ್ಟು ದಿನದಲ್ಲಿ ಒಂದೇ ಒಂದು ಸಲ ತಲೆ ಎತ್ತಿ ನನ್ನ ಮುಖ ನೋಡಿಲ್ಲ.”

ನಾನು ಇನ್ನೊಂದು ಹೆಜ್ಜೆ ಹಿಂದಕ್ಕೆ ಇಟ್ಟೆ.

“ನಿಮ್ಮನ್ನ ನೆನೆಸ್ಕೊಂಡ್ರೆ ನನಗೆ ಎಷ್ಟು ಹೊಟ್ಟೆ ಉರಿಯುತ್ತೆ ಗೊತ್ತಾ?” ಎಂದಳು. ನಗುತ್ತಲೇ ಹೇಳಿದಳು, ಆದರೆ ಈ ಸಲ ಕಣ್ಣಿನ ನೀರು ನಗುವಿನದ್ದಲ್ಲ.

ನನ್ನ ಮೇಲೆ ಹೊಟ್ಟೆಕಿಚ್ಚು! ಅಂಟು ಮೆತ್ತಿದ ಕೈಯ, ಕೋಳಿಕಾಲು ಅಕ್ಷರದ ನನ್ನ ಮೇಲೆ! ಹುಟ್ಟಿದಾಗಿನಿಂದ ಹೊಟ್ಟೆಕಿಚ್ಚು ಪಡುವುದೇ ನನ್ನ ಪಾಲು, ನನ್ನ ಮೇಲೆ ಪಡುವವರು ಒಬ್ಬರಿದ್ದಾರೆ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಕುಣಿದಾಡಬೇಕು ಎನ್ನಿಸಿತು. ಕುಣಿಯುವುದಕ್ಕೆ ಕೈಗೆ ಬಿಡುವಿರಲಿಲ್ಲ, ಮತ್ತು ಆ ಮುಖ ನೋಡಿಕೊಂಡು ಕುಣಿಯಲು ಮನಸ್ಸೂ ಬರಲಿಲ್ಲ. “ಎಡಗಾಲು ಎತ್ತಿಡಿ, ಎಳೀಬೇಡಿ” ಎಂದೆ. ಕಿಟಕಿಯ ಆ ತುದಿಯವರೆಗೆ ನಡೆಸಿಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿದೆ.

ಶುಕ್ರವಾರ ಬೆಳಿಗ್ಗೆ ರೈಲು ಹತ್ತಿದೆವು. ಟೀಚರಮ್ಮ ಎದ್ದು ನಡೆದರಂತೆ ಎಂಬ ಸುದ್ದಿ ಫಿಸಿಯೋ ಕಡೆಯಿಂದ ಇವರಿಗೆ ಹಿಂದಿನ ಸಂಜೆಯೇ ಮುಟ್ಟಿತ್ತು. ನಡೆಸಿದವರು ಯಾರು ಎನ್ನುವುದೂ ಮುಟ್ಟಿತ್ತು. ದಾರಿಯುದ್ದಕ್ಕೂ ನನ್ನನ್ನು ಕಳ್ಳನೋಟದಲ್ಲಿ ನೋಡುತ್ತಾ, ಕೇಳಲೋ ಬೇಡವೋ ಎಂದು ಒದ್ದಾಡುತ್ತಾ ಕೂತಿದ್ದರು. ಸಂಜೆ ದೋಣಿಯಲ್ಲಿ ಕೂತೆವು. ನದಿಯ ಎರಡೂ ಕಡೆ ದೀಪ ಹತ್ತಿತು. ಚಳಿ ಇತ್ತು. ಪಟ್ಟಿ ಕಟ್ಟಿದ ಕೈಯಿಂದಲೇ ನನ್ನ ಭುಜಕ್ಕೆ ತಮ್ಮ ಕೋಟು ಹೊದಿಸಿ, ಕತ್ತಿನ ಹತ್ತಿರ ಗುಂಡಿ ಹಾಕಿದರು.

“ಅದು ಹೇಗೆ ಎಬ್ಬಿಸಿದೆ ಅವಳನ್ನ?”

“ಏಳಿ ಅಂದೆ. ಎದ್ರು.”

“ಏನಾದ್ರೂ ಹೇಳಿದ್ಲಾ?”

ಇವರು ನನ್ನ ಮುಖವನ್ನೇ ನೋಡುತ್ತಿದ್ದರು. ಒಳ್ಳೆಯ ಮನುಷ್ಯ. ಬರುವ ಮಂಗಳವಾರದಿಂದ ಮತ್ತೆ ಆ ಹಾಲಿಗೆ ಹೋಗುತ್ತಾರೆ. ಹೋಗಲಿ ಎಂದು ನಾನೇ ಒಪ್ಪಿದ್ದೇನೆ. ಆಕೆ ಇನ್ನೂ ಮೆಟ್ಟಿಲು ಹತ್ತುವುದನ್ನು ಕಲಿಯಬೇಕು. ಆ ಹೆಂಗಸು ನನ್ನ ಕೈ ಹಿಡಿದುಕೊಂಡು ಹೇಳಿದ ಮಾತನ್ನು ಇವರಿಗೆ ತಲುಪಿಸುವುದು ನ್ಯಾಯ ಎಂದು ನನಗೆ ಗೊತ್ತು. ಅಷ್ಟು ಕರುಣೆ ನನ್ನಲ್ಲೂ ಇದೆ.

“ಏನೂ ಹೇಳಲಿಲ್ಲ” ಎಂದೆ.

ಹೇಳಿದರೆ, ಮಂಗಳವಾರ ಇವರು ತಲೆ ಎತ್ತಿ ನೋಡಿಬಿಡುತ್ತಾರೆ.